ವಾರಕ್ಕೆ 168 ತಾಸು, ಮಲಗಿಸುವ ಡಾಕ್ಟರ್ ಒಬ್ಬರೇ

ಅಣ್ಣನ ಮಗ ವಿಜಯಪುರದ ನಮ್ಮ ಮನೆಗೆ ಬಂದಿದ್ದ. ಎಂಬಿಬಿಎಸ್ ಮುಗಿದಿದೆ, ಇಂಟರ್ನ್‌ಶಿಪ್ ಆಗಿದೆ, ತಜ್ಞ ವೈದ್ಯನಾಗುವ ಓದಿನ ಪ್ರವೇಶ ಪರೀಕ್ಷೆ ನೀಟ್ ಪಿಜಿ ಬರೆದಿದ್ದಾನೆ. ಮೊಬೈಲ್‌ನಲ್ಲಿ ಆಪ್ಷನ್ ಎಂಟ್ರಿಯ ಪಟ್ಟಿ, ಅಂದರೆ ಯಾವ ವಿಭಾಗದ ಸೀಟು ಬೇಕು ಅಂತ ತುಂಬಿದ ಪಟ್ಟಿ ತೋರಿಸಿದ. "ಕಾಕಾ, ಮೂರನೇದು ಅನಸ್ತೇಷಿಯಾ ಹಾಕೇನಿ. ಅಪ್ಪಾಗ ಸಿಟ್ಟು ಬಂದೈತಿ" ಅಂದ.

ಅಣ್ಣನ ಸಿಟ್ಟು ನನಗೆ ಅರ್ಥವಾಯಿತು. ಇಷ್ಟು ವರ್ಷ ಓದಿಸಿದ ಮೇಲೆ ಮಗ 'ಮಲಗಿಸೋ ಡಾಕ್ಟರ್' ಆಗೋದಾ? ಸ್ವಂತ ಕ್ಲಿನಿಕ್ ಇರುವುದಿಲ್ಲ. ಬಾಗಿಲ ಮೇಲೆ ಹೆಸರಿನ ಬೋರ್ಡ್ ಇರುವುದಿಲ್ಲ. ಆಪರೇಶನ್ ಮಾಡಿಸಿಕೊಂಡವರನ್ನು ಕೇಳಿ ನೋಡಿ. ಸರ್ಜನ್ ಹೆಸರು ಹೇಳುತ್ತಾರೆ, ಅವರ ಊರು, ಮಾವನ ಮನೆ ಕೂಡ ಹೇಳುತ್ತಾರೆ. ಅನಸ್ತೇಷಿಯಾ ಕೊಟ್ಟವರು ಯಾರು ಅಂದರೆ, "ಯಾರೋ ಒಬ್ಬರು ಬಂದಿದ್ದರು, ಬೆನ್ನಿಗೆ ಸೂಜಿ ಮಾಡಿ ಹೋದರು" ಅನ್ನುತ್ತಾರೆ.

ನಾನು ತಕ್ಷಣ ಏನೂ ಹೇಳಲಿಲ್ಲ. ನನಗೆ ನೆನಪಾಗಿದ್ದು ಬೇರೆ ರಾತ್ರಿ. ಅಕ್ಕನ ಹೆರಿಗೆಗೆ ಒಂದು ತಾಲೂಕು ಆಸ್ಪತ್ರೆಗೆ ಹೋಗಿದ್ದೆವು. ಓಟಿ (ಆಪರೇಶನ್ ಥಿಯೇಟರ್) ಇತ್ತು. ಹೆರಿಗೆ ಡಾಕ್ಟರ್ ಇದ್ದರು, ಗ್ಲೌಸ್ ಹಾಕಿಕೊಂಡೇ ನಿಂತಿದ್ದರು. ಸಿಸೇರಿಯನ್ ಆಗಲೇಬೇಕು ಅಂದರು. ಆದರೆ ಅನಸ್ತೇಷಿಯಾ ಡಾಕ್ಟರ್ ರಜೆಯ ಮೇಲಿದ್ದರು. ಚೀಟಿ ಬರೆದುಕೊಟ್ಟರು, ಆಂಬ್ಯುಲೆನ್ಸ್ ಹತ್ತಿಸಿದರು. ಒಂದೂವರೆ ತಾಸಿನ ದಾರಿ. ತಾಯಿ ಮಗು ಇಬ್ಬರೂ ಉಳಿದರು. ಆದರೆ ತುರ್ತು ಸಿಸೇರಿಯನ್ ಅಂತ ನಿರ್ಧಾರವಾದ ಮೇಲೆ 30 ನಿಮಿಷದೊಳಗೆ ಮಗು ಹೊರಗೆ ಬರಬೇಕು ಅನ್ನುವುದು ವೈದ್ಯರು ಇಟ್ಟುಕೊಂಡಿರುವ ಗುರಿ. ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಗೊತ್ತಾದ ದಿನ ಸುಮ್ನೆ ಕೂತುಬಿಟ್ಟೆ.

ಆಗ ನಮ್ಮ ಮನೆಯವರೆಲ್ಲ ರಜೆ ಹಾಕಿದ ಡಾಕ್ಟರನ್ನು ಬೈದಿದ್ದೆವು. ಈಗ ಬೈಯುವುದಿಲ್ಲ. ಲೆಕ್ಕ ಹಾಕಿ ನೋಡಿ. ವಾರಕ್ಕೆ 168 ತಾಸು. ಒಬ್ಬ ಮನುಷ್ಯ ವಾರಕ್ಕೆ 48 ತಾಸು ದುಡಿದರೆ 120 ತಾಸು ಖಾಲಿ ಉಳಿಯುತ್ತದೆ. ಹೆರಿಗೆ ನೋವಿಗೆ ಡ್ಯೂಟಿ ಟೈಮ್ ಗೊತ್ತಿಲ್ಲ. 168 ತಾಸೂ ಒಬ್ಬರಲ್ಲ ಒಬ್ಬರು ಇರಬೇಕೆಂದರೆ ಮೂವರು ಸಾಲದು, ನಾಲ್ವರು ಬೇಕು. ರಾತ್ರಿ ಮನೆಯಿಂದ ಕರೆದಾಗ ಬರುವ ವ್ಯವಸ್ಥೆ ಮಾಡಿಕೊಂಡರೂ ಕನಿಷ್ಠ ಇಬ್ಬರು ಬೇಕೇ ಬೇಕು. ಒಂದು ಹುದ್ದೆ ಭರ್ತಿ ಆಗಿದೆ ಅಂತ ಕಾಗದದಲ್ಲಿ ಟಿಕ್ ಹಾಕಿದರೆ ಆ ಆಸ್ಪತ್ರೆಯಲ್ಲಿ ಅನಸ್ತೇಷಿಯಾ ಇದೆ ಅಂತ ಆಗುವುದಿಲ್ಲ. ವಾರದ ನಾಲ್ಕರಲ್ಲಿ ಒಂದು ಪಾಲಿಗಿಂತ ತುಸು ಜಾಸ್ತಿ ಇದೆ ಅಂತ ಆಗುತ್ತದೆ, ಅಷ್ಟೇ. ನಮ್ಮ ಭಾಗದಲ್ಲಿ ಈ ಕೆಲಸದ ಬಗ್ಗೆ ಮಾತಾಡುವವರು ಡಾಕ್ಟರು ಬರುತ್ತಿಲ್ಲ ಅಂತ ಹೇಳುತ್ತಾರೆ. ಬಂದವರು ಯಾಕೆ ನಿಲ್ಲುತ್ತಿಲ್ಲ ಅನ್ನುವುದಕ್ಕೆ ಉತ್ತರ ಈ ಲೆಕ್ಕದಲ್ಲೇ ಇದೆ.

ಇನ್ನೊಂದು ಲೆಕ್ಕವೂ ಇದೆ. ವಿಶ್ವ ಅರಿವಳಿಕೆ (ಅನಸ್ತೇಷಿಯಾ) ತಜ್ಞರ ಸಂಘಗಳ ಒಕ್ಕೂಟ ಲಕ್ಷ ಜನಕ್ಕೆ ಕನಿಷ್ಠ 5 ತಜ್ಞರು ಬೇಕು ಅನ್ನುತ್ತದೆ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ 47.79 ಲಕ್ಷ, ವಿಜಯಪುರದಲ್ಲಿ 21.77 ಲಕ್ಷ, ಬಾಗಲಕೋಟೆಯಲ್ಲಿ 18.89 ಲಕ್ಷ ಜನ ಇದ್ದರು. ಆ ಹಳೆಯ ಜನಸಂಖ್ಯೆಗೇ ಮೂರೂ ಜಿಲ್ಲೆಗೆ ಸೇರಿ ಸುಮಾರು 440 ತಜ್ಞರು ಬೇಕು. ಅಷ್ಟೂ ಜನ ಸಿಕ್ಕರು ಅಂತಲೇ ಇಟ್ಟುಕೊಳ್ಳಿ. ಎಲ್ಲರೂ ಬೆಳಗಾವಿ ನಗರದಲ್ಲೇ ಕೂತರೆ ವಿಜಯಪುರ ಜಿಲ್ಲೆಯ ಸಿಂದಗಿಯ ಬಸುರಿಗೆ ಏನು ಬಂತು?

ಈಗ ಈ 'ಮಲಗಿಸುವ' ಕೆಲಸ ಏನು ಅಂತ ನೋಡೋಣ. ಅಣ್ಣನ ಸಿಟ್ಟಿನ ಬೇರು ಅಲ್ಲೇ ಇದೆ.

ಕನ್ನಡದಲ್ಲಿ ಇದಕ್ಕೆ ಅರಿವಳಿಕೆ ಅನ್ನುವ ಪದ ಇದೆ. ಅರಿವು ಅಳಿಯುವುದು. ಚೆಂದದ ಪದ, ಆದರೆ ವಾರ್ಡಿನಲ್ಲಿ ಯಾರೂ ಬಳಸುವುದಿಲ್ಲ. ಪೂರ್ತಿ ನಿಜವೂ ಅಲ್ಲ. ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಕೊಟ್ಟಾಗ ಅರಿವು ಎಲ್ಲೂ ಹೋಗುವುದಿಲ್ಲ. ಸೊಂಟದಿಂದ ಕೆಳಗೆ ಜೋಮು ಹಿಡಿಯುತ್ತದೆ, ತಾಯಿ ಎಚ್ಚರವಾಗಿದ್ದು ಮಗುವಿನ ಮೊದಲ ಅಳು ಕೇಳುತ್ತಾಳೆ. ಬೆನ್ನುಹುರಿ ಮುಗಿದ ಮೇಲೆ, ಅದಕ್ಕಿಂತ ಕೆಳಗೆ, ಬೆನ್ನುಮೂಳೆಗಳ ಸಂದಿಯಲ್ಲಿ ಕೂದಲಿನಂಥ ಸೂಜಿ ಇಳಿಸಿ ಸುಮಾರು ಎರಡು ಎಂಎಲ್ ಔಷಧ ಬಿಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಐದು ನಿಮಿಷದ ಕೆಲಸ. ಆಮೇಲಿನ ಹತ್ತು ನಿಮಿಷದಲ್ಲಿ ಬಿಪಿ ಧಡಕ್ಕನೆ ಇಳಿಯಬಹುದು. ತಾಯಿಯ ಬಿಪಿ ಇಳಿದರೆ ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಅದಕ್ಕೇ ಆ ಡಾಕ್ಟರ್ ಸೂಜಿ ಮಾಡಿ 'ಹೋಗುವುದಿಲ್ಲ'. ತಲೆಯ ಹತ್ತಿರ, ಪರದೆಯ ಈಚೆ ನಿಂತಿರುತ್ತಾರೆ. ಯಾರಿಗೂ ಕಾಣುವುದಿಲ್ಲ.

ಪೂರ್ತಿ ಎಚ್ಚರ ತಪ್ಪಿಸುವ ಕೆಲಸ ಇನ್ನೂ ಬಿಗಿ. ಮೊದಲು ಮೂರು ನಿಮಿಷ ಮಾಸ್ಕ್ ಇಟ್ಟು ಆಮ್ಲಜನಕ ತುಂಬುತ್ತಾರೆ. ಪ್ರೊಪೊಫಾಲ್ ಅನ್ನುವ ಔಷಧ ಹೋದರೆ ನಿದ್ದೆ. ಸ್ನಾಯು ಸಡಿಲಿಸುವ ಔಷಧ ಹೋದರೆ ರೋಗಿಯ ಉಸಿರು ನಿಲ್ಲುತ್ತದೆ. ಹೌದು, ಬೇಕಂತಲೇ ನಿಲ್ಲಿಸುತ್ತಾರೆ. ಅಲ್ಲಿಂದ ಗಂಟಲಿನಲ್ಲಿ ಟ್ಯೂಬ್ ಇಳಿದು ಮಷಿನ್‌ಗೆ ಸೇರುವವರೆಗೆ ಆ ಜೀವ ಒಬ್ಬರ ಕೈಯಲ್ಲಿ ಇರುತ್ತದೆ. ಮೊದಲು ತುಂಬಿದ ಆಮ್ಲಜನಕ ಗಟ್ಟಿ ಆಳಿಗೆ ಕೆಲವು ನಿಮಿಷ ಸಾಕಾಗುತ್ತದೆ. ಬೊಜ್ಜಿನವರಿಗೆ, ಬಸುರಿಗೆ, ಮಕ್ಕಳಿಗೆ ಅಷ್ಟು ಹೊತ್ತು ಸಿಗುವುದಿಲ್ಲ.

ನಮ್ಮ ಭಾಗದಲ್ಲಿ ಈ ಘಟ್ಟದಲ್ಲಿ ಎರಡು ವಿಶೇಷ ತೊಂದರೆ. ಒಂದು ಗುಟ್ಕಾ. ಆಪರೇಶನ್‌ಗೆ ಮುಂಚೆ ಡಾಕ್ಟರು "ಬಾಯಿ ಅಗಲ ಮಾಡ್ರಿ, ನಾಲಿಗಿ ಹೊರಗ ಹಾಕ್ರಿ" ಅನ್ನುತ್ತಾರಲ್ಲ, ಅದು ಸುಮ್ಮನೆ ಅಲ್ಲ. ಗಂಟಲು ಎಷ್ಟು ಕಾಣುತ್ತದೆ ಅನ್ನುವುದರ ಮೇಲೆ ಟ್ಯೂಬ್ ಹಾಕುವುದು ಎಷ್ಟು ಕಷ್ಟ ಅಂತ ಅಂದಾಜು ಮಾಡುವ ಪರೀಕ್ಷೆ ಅದು. ಆಂಧ್ರ ಮೂಲದ ಡಾ. ಶೇಷಗಿರಿ ಮಲ್ಲಂಪಾಟಿ 1985ರಲ್ಲಿ ಪ್ರಕಟಿಸಿದ್ದು, ಈಗ ಜಗತ್ತಿನಲ್ಲೆಲ್ಲ ಅವರ ಹೆಸರಿನಲ್ಲೇ ನಡೆಯುತ್ತದೆ. ವರ್ಷಾನುಗಟ್ಟಲೆ ಗುಟ್ಕಾ ಅಗಿದವರ ಬಾಯಿಯೊಳಗೆ ಚರ್ಮ ಗಟ್ಟಿಯಾಗಿ, ಎರಡು ಬೆರಳು ಕೂಡ ಹೋಗದಷ್ಟು ಬಾಯಿ ಬಿಗಿಯುತ್ತದೆ. ಆ ಬಾಯಿಯಲ್ಲಿ ಟ್ಯೂಬ್ ಹಾಕುವ ದಾರಿ ಎಲ್ಲಿದೆ? ಮೂಗಿನಿಂದ ಕ್ಯಾಮೆರಾ ಇಳಿಸಬೇಕು. ಆ ಕ್ಯಾಮೆರಾ ಎಲ್ಲ ಊರಲ್ಲಿ ಎಲ್ಲಿರುತ್ತದೆ?

ಎರಡನೆಯದು ಚಹಾ. ನಗಬೇಡಿ. ಆಪರೇಶನ್‌ಗೆ ಮುಂಚೆ ನೀರಾದರೆ ಎರಡು ತಾಸು, ಹಗುರ ಊಟವಾದರೆ ಆರು ತಾಸು, ಎಣ್ಣೆಯದು ತಿಂದರೆ ಎಂಟು ತಾಸು ಹೊಟ್ಟೆ ಖಾಲಿ ಇರಬೇಕು. ಎಚ್ಚರ ತಪ್ಪಿದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಸಂಚಕಾರ. ನಮ್ಮ ಕಡೆ "ಏನೂ ತಿಂದಿಲ್ರೀ, ಬರೇ ಒಂದು ಕಪ್ ಚಹಾ ಕುಡಿದೀನಿ" ಅನ್ನುವುದು ಎಲ್ಲ ವಾರ್ಡಿನ ಮಾತು. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಊಟದ ಲೆಕ್ಕಕ್ಕೆ ಬರುತ್ತದೆ. ಅತ್ತೆ ಕನಿಕರಪಟ್ಟು ಸೊಸೆಗೆ ಕದ್ದು ಕುಡಿಸಿದ ಆ ಅರ್ಧ ಕಪ್‌ಗಾಗಿ ಆಪರೇಶನ್ ಮುಂದಕ್ಕೆ ಹೋಗುತ್ತದೆ. ಬೈಗುಳ ಮಾತ್ರ ಅನಸ್ತೇಷಿಯಾ ಡಾಕ್ಟರಿಗೆ.

ಓಟಿಯ ಹೊರಗೂ ಇವರದೇ ದೊಡ್ಡ ಕೆಲಸ ಇದೆ. ಹೆಚ್ಚಿನ ಕಡೆ ಐಸಿಯು ನಡೆಸುವವರು ಅನಸ್ತೇಷಿಯಾದವರೇ. ಹೊಲದಲ್ಲಿ ನೆಲದ ಮೇಲೆ ಮಲಗಿದವನಿಗೆ ರಾತ್ರಿ ಕಟ್ಟುಹಾವು ಕಚ್ಚುತ್ತದೆ. ನೋವೇ ಇರುವುದಿಲ್ಲ. ಬೆಳಗ್ಗೆ ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಆಮೇಲೆ ಉಸಿರಾಟದ ಸ್ನಾಯು ಕೈಕೊಡುತ್ತದೆ. ವಿಷಕ್ಕೆ ಮದ್ದು ಕೊಟ್ಟರೂ ಉಸಿರು ವಾಪಸ್ ಬರಲು ಕೆಲವು ದಿನ ಬೇಕಾಗಬಹುದು. ಅಷ್ಟು ದಿನ ಮಷಿನ್ ಮೇಲೆ ಅವನನ್ನು ಉಸಿರಾಡಿಸಬೇಕು. ಕಬ್ಬು, ದ್ರಾಕ್ಷಿಗೆ ಹೊಡೆಯುವ ಎಣ್ಣೆ (ಕೀಟನಾಶಕ) ಕುಡಿದು ಬಂದವರದೂ ಇದೇ ಕತೆ. 2020-21ರ ಕೊರೊನಾ ಕಾಲದಲ್ಲಿ ವೆಂಟಿಲೇಟರ್ ಅನ್ನುವ ಪದ ಪ್ರತಿ ಮನೆಗೂ ಬಂತು. ಮಷಿನ್ ತರಿಸುವುದು ಸುಲಭ, ಅದನ್ನು ನಡೆಸುವ ಕೈ ತರಿಸುವುದು ಕಷ್ಟ ಅನ್ನುವುದು ಆಗ ಆಸ್ಪತ್ರೆ ಓಡಾಡಿದವರಿಗೆಲ್ಲ ತಿಳಿಯಿತು. ಅಣ್ಣನಿಗೂ ತಿಳಿದಿತ್ತು. ಮರೆತಿದ್ದಾನೆ.

ಓದಿನ ದಾರಿ ಬೇಗ ಹೇಳಿ ಮುಗಿಸುತ್ತೇನೆ. ಪಿಯುಸಿ ವಿಜ್ಞಾನ, ನೀಟ್, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್, ನೀಟ್ ಪಿಜಿ, ಮೂರು ವರ್ಷದ ಎಂಡಿ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ. ಎರಡು ವರ್ಷದ ಡಿಪ್ಲೊಮಾ ದಾರಿಯೂ ಇದೆ. ಮುಂದೆ ಹೃದಯದ ಆಪರೇಶನ್‌ಗೆ ಅಥವಾ ಐಸಿಯುಗೆ ಅಂತ ಇನ್ನೂ ಮೂರು ವರ್ಷದ ಡಿಎಂ ಮಾಡಬಹುದು. ಎಲ್ಲೂ ಎಡವದಿದ್ದರೂ ಎಂಡಿ ಮುಗಿಯುವಾಗ ವಯಸ್ಸು 27 ಹತ್ತಿರ. ಒಂದೆರಡು ಸಲ ನೀಟ್ ಬರೆದವರಿಗೆ 30. ಮೂರು ಜಿಲ್ಲೆಯಲ್ಲಿ ಮೆಡಿಕಲ್ ಕಾಲೇಜುಗಳಿಗೆ ಬರ ಇಲ್ಲ. ಬೆಳಗಾವಿಯಲ್ಲಿ 1963ರಿಂದ ಜೆಎನ್‌ಎಂಸಿ ಇದೆ, ಸರ್ಕಾರಿ ಬಿಮ್ಸ್ ಇದೆ. ವಿಜಯಪುರದಲ್ಲಿ ಅಲ್ ಅಮೀನ್, ಬಿಎಲ್‌ಡಿಇಯ ಬಿ.ಎಂ. ಪಾಟೀಲ ಕಾಲೇಜು. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ಕಾಲೇಜು.

ಪೋಷಕರು ಎಡವುವ ಜಾಗ ಎರಡು. ವಿಜಯಪುರದವರು ಪಕ್ಕದ ಕಲಬುರಗಿಯ ನೆಂಟರನ್ನು ನೋಡಿ ನಮಗೂ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ ಅಂದುಕೊಳ್ಳುತ್ತಾರೆ. ಇಲ್ಲ. ಅದು ಕಲ್ಯಾಣ ಕರ್ನಾಟಕಕ್ಕೆ ಮಾತ್ರ. ನಮ್ಮ ಮೂರೂ ಜಿಲ್ಲೆ ಕಿತ್ತೂರು ಕರ್ನಾಟಕದವು. ಭೀಮಾ ನದಿಯ ಈಚೆ ಹುಟ್ಟಿದ ತಪ್ಪಿಗೆ ಒಂದು ಬಾಗಿಲು ಮುಚ್ಚಿದೆ, ಆ ಮಾತು ಬೇರೆ. ಎರಡನೆಯದು ಬಿಎಸ್ಸಿ ಅನಸ್ತೇಷಿಯಾ ಟೆಕ್ನಾಲಜಿ. ಪಿಯುಸಿ ಮುಗಿಸಿ ನೇರ ಸೇರಬಹುದು. ಒಳ್ಳೆಯ ಕೋರ್ಸ್, ಕೆಲಸವೂ ಸಿಗುತ್ತದೆ. ಆದರೆ ಅದು ಡಾಕ್ಟರ್ ಆಗುವ ಅಡ್ಡದಾರಿ ಅಲ್ಲ. ಮಷಿನ್ ಸಜ್ಜು ಮಾಡುವುದು, ಔಷಧ ಜೋಡಿಸುವುದು, ಡಾಕ್ಟರಿಗೆ ಕೈಜೋಡಿಸುವುದು ಅವರ ಕೆಲಸ. ಸ್ವತಂತ್ರವಾಗಿ ಅನಸ್ತೇಷಿಯಾ ಕೊಡುವಂತಿಲ್ಲ. ಏಜೆಂಟರ ಮಾತು ಕೇಳಿ ಇದನ್ನೇ 'ಅನಸ್ತೇಷಿಯಾ ಡಾಕ್ಟರ್ ಕೋರ್ಸ್' ಅಂತ ನಂಬಿ ಸೇರಿಸಿದ ಒಂದು ಮನೆಯನ್ನು ನಾನೇ ಬಲ್ಲೆ.

ಇನ್ನು ದುಡ್ಡು ಮತ್ತು ಮಾನದ ಮಾತು. ಇಲ್ಲಿ ಸ್ವಲ್ಪ ನಿಲ್ಲಬೇಕು.

ಎಂಡಿ ಆದವರ ಮುಂದೆ ನಮ್ಮ ಕಡೆ ಮೂರು ದಾರಿ. ಮೆಡಿಕಲ್ ಕಾಲೇಜು ಅಥವಾ ದೊಡ್ಡ ಆಸ್ಪತ್ರೆಯ ಸಂಬಳದ ಕೆಲಸ. ಸರ್ಕಾರಿ ಆಸ್ಪತ್ರೆ. ಮೂರನೆಯದು ಫೋನ್ ಬಂದಲ್ಲಿ ಹೋಗುವುದು. ಈ ಮೂರನೆಯವರು ಬ್ಯಾಗ್‌ನಲ್ಲಿ ಗಂಟಲು ನೋಡುವ ಲಾರಿಂಗೋಸ್ಕೋಪ್, ಟ್ಯೂಬ್, ಔಷಧ, ಬೆರಳಿಗೆ ಹಾಕುವ ಆಕ್ಸಿಮೀಟರ್ ಇಟ್ಟುಕೊಂಡು ಒಂದು ನರ್ಸಿಂಗ್ ಹೋಮ್‌ನಿಂದ ಇನ್ನೊಂದಕ್ಕೆ ಓಡುತ್ತಾರೆ. ಬೆಳಗ್ಗೆ ಹರ್ನಿಯಾ, ಹತ್ತಕ್ಕೆ ಗರ್ಭಕೋಶದ ಆಪರೇಶನ್, ರಾತ್ರಿ ಎರಡಕ್ಕೆ ಸಿಸೇರಿಯನ್. ಕೇಸಿಗೆ ಇಷ್ಟು ಅಂತ ಹಣ. ಕೆಲಸಕ್ಕೆ ಕೊರತೆ ಇಲ್ಲ, ಗಳಿಕೆಯೂ ಚೆನ್ನಾಗಿದೆ. ಸ್ವಂತ ಆಸ್ಪತ್ರೆ ಕಟ್ಟುವ ಸಾಲ ಇಲ್ಲ. ಅಣ್ಣ ಇದನ್ನು ಲೆಕ್ಕಕ್ಕೇ ತಗೊಂಡಿಲ್ಲ.

ಆದರೆ ಇದರಲ್ಲಿ ಒಂದು ಗಂಟು ಇದೆ. ರೋಗಿ ಇವರ ಹತ್ತಿರ ಬರುವುದಿಲ್ಲ. ಇವರನ್ನು ಕರೆಯುವವರು ಸರ್ಜನ್. ಹಣವೂ ಹೆಚ್ಚಾಗಿ ಆ ಕೈಯಿಂದಲೇ ಬರುತ್ತದೆ. ಸರ್ಕಾರದ ಆರೋಗ್ಯ ಯೋಜನೆಗಳಲ್ಲೂ ಸರ್ಜನ್, ಅನಸ್ತೇಷಿಯಾ, ಔಷಧ ಎಲ್ಲ ಸೇರಿ ಒಂದೇ ಪ್ಯಾಕೇಜ್. ಅದರಲ್ಲಿ ಯಾರಿಗೆಷ್ಟು ಅಂತ ಒಳಗೇ ತೀರ್ಮಾನ. ಹೀಗಿರುವಾಗ, "ಈ ರೋಗಿಯ ಶುಗರ್ ಹತೋಟಿಯಲ್ಲಿಲ್ಲ, ಇವತ್ತು ಬೇಡ" ಅನ್ನುವ ಮಾತು ಎಷ್ಟು ಸಲ ಹೇಳಲು ಆಗುತ್ತದೆ? ಎರಡು ಸಲ ಹೇಳಿದರೆ ಮೂರನೇ ಫೋನ್ ಬೇರೆಯವರಿಗೆ ಹೋಗುತ್ತದೆ. ಒಬ್ಬರೇ ಅನಸ್ತೇಷಿಯಾ ಡಾಕ್ಟರ್ ಇರುವ ಊರಲ್ಲಿ ಅವರ ಮಾತಿಗೆ ಬೆಲೆ ಇದೆ, ನಿದ್ದೆ ಇಲ್ಲ. ಹತ್ತು ಜನ ಇರುವ ಊರಲ್ಲಿ ನಿದ್ದೆ ಇದೆ, ಮಾತಿಗೆ ಬೆಲೆ ಕಡಿಮೆ. ಈ ವೃತ್ತಿಯ ನಿಜವಾದ ಸಂಕಟ ಇದೇ ಅಂತ ನನ್ನ ಅನಿಸಿಕೆ. ಬೋರ್ಡ್ ಮೇಲೆ ಹೆಸರಿಲ್ಲದಿದ್ದರೆ ನಷ್ಟ ಅಹಂಕಾರಕ್ಕೆ. 'ಬೇಡ' ಅನ್ನುವ ಶಕ್ತಿ ಇಲ್ಲದಿದ್ದರೆ ನಷ್ಟ ರೋಗಿಗೆ.

ಕೆಲವು ಊರುಗಳಲ್ಲಿ ಇದಕ್ಕೆ ಮದ್ದು ಅವರೇ ಕಂಡುಕೊಂಡಿದ್ದಾರೆ. ನಾಲ್ಕೈದು ಜನ ಸೇರಿ ಗುಂಪು ಮಾಡಿಕೊಳ್ಳುತ್ತಾರೆ. ರಾತ್ರಿ ಪಾಳಿ ಹಂಚಿಕೊಳ್ಳುತ್ತಾರೆ, ದರ ಒಂದೇ ಇಡುತ್ತಾರೆ. ಒಬ್ಬರು ಬೇಡ ಅಂದ ಕೇಸನ್ನು ಇನ್ನೊಬ್ಬರು ಹೋಗಿ ತಗೊಳ್ಳುವುದಿಲ್ಲ. ಈ ವಿಭಾಗದಲ್ಲಿ ಹೆಣ್ಣುಮಕ್ಕಳು ಸಾಕಷ್ಟು ಇದ್ದಾರೆ. ನಡುರಾತ್ರಿ ಒಬ್ಬರೇ ಕಾರು ಓಡಿಸಿಕೊಂಡು ಹೋಗಬೇಕಾದ ಅವರಿಗೆ ಇಂಥ ಪಾಳಿ ಇಲ್ಲದೆ ಈ ಕೆಲಸ ಹೆಚ್ಚು ವರ್ಷ ನಡೆಯುವುದಿಲ್ಲ.

ಸರ್ಕಾರಿ ಕಡೆಗೆ ಬಂದರೆ ಮತ್ತೆ ಅದೇ 168 ತಾಸು. ತಾಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಅಂದರೆ ಅವರಿಗೆ ಊರು ಬಿಡುವ ಹಾಗಿಲ್ಲ. ಮದುವೆಗೆ ಹೋದರೂ ಫೋನ್. ತಪ್ಪಾದರೆ ಪಕ್ಕದಲ್ಲಿ ಕೇಳಲು ಇನ್ನೊಬ್ಬ ತಜ್ಞರಿಲ್ಲ. 1995ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹಣ ಪಡೆಯುವ ಆಸ್ಪತ್ರೆಗಳ ಚಿಕಿತ್ಸೆ ಗ್ರಾಹಕ ಕಾನೂನಿನ ಕೆಳಗೆ ಬಂದಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೋರ್ಟಿಗಿಂತ ಮೊದಲು ಬಾಗಿಲ ಹತ್ತಿರ ಜನ ಸೇರುತ್ತಾರೆ. ಎರಡು ವರ್ಷ ಹೀಗೆ ಕಳೆದ ಮೇಲೆ ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ಒಂದು ಕರೆ ಬರುತ್ತದೆ. ಗಡಿ ದಾಟಿದರೆ ಮಿರಜ್, ಸೊಲ್ಲಾಪುರ. ಅಥಣಿ, ಚಿಕ್ಕೋಡಿ ಕಡೆಯ ರೋಗಿಗಳು ಮಿರಜ್‌ಗೆ ಹೋಗುವುದು ಅಜ್ಜನ ಕಾಲದಿಂದ ಬಂದ ರೂಢಿ. ಡಾಕ್ಟರೂ ಹೋದರೆ ಆಶ್ಚರ್ಯವೇನು?

ಸರ್ಕಾರ ಕೈಕಟ್ಟಿ ಕೂತಿಲ್ಲ. ಎಂಬಿಬಿಎಸ್ ಡಾಕ್ಟರುಗಳಿಗೇ ಜೀವ ಉಳಿಸುವಷ್ಟು ಅನಸ್ತೇಷಿಯಾ ಕಲಿಸುವ 18 ವಾರದ ತರಬೇತಿ ತಂದಿತು. ತುರ್ತು ಹೆರಿಗೆಗೆ ಸಾಕಾಗುವಷ್ಟು ಕಲಿಸುವುದು ಇದರ ಉದ್ದೇಶ. ತಜ್ಞರಿಗೆ ಇದು ಬದಲಿ ಅಲ್ಲ. ಆದರೆ ಒಂದೂವರೆ ತಾಸು ಆಂಬ್ಯುಲೆನ್ಸ್‌ನಲ್ಲಿ ಕೂತ ನಾನು ಇದನ್ನು ಹಗುರವಾಗಿ ನೋಡಲಾರೆ. ಈಗ ಪಿಜಿ ಓದುವವರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು ಅನ್ನುವ ನಿಯಮವೂ ಇದೆ. ಕಡ್ಡಾಯ ಗ್ರಾಮೀಣ ಸೇವೆಗೆ ರಾಜ್ಯ 2012ರಲ್ಲೇ ಕಾಯ್ದೆ ಮಾಡಿತ್ತು. ಕಡ್ಡಾಯದಿಂದ ಒಂದು ವರ್ಷಕ್ಕೆ ಜನ ಸಿಗುತ್ತಾರೆ. ಎರಡನೇ ವರ್ಷಕ್ಕೆ ಉಳಿಸಿಕೊಳ್ಳಲು ಬೇರೆ ಏನೋ ಬೇಕು. ನಾಲ್ಕು ತಾಲೂಕಿಗೆ ಒಬ್ಬೊಬ್ಬರನ್ನು ಹಂಚುವ ಬದಲು ಎರಡು ತಾಲೂಕಿನಲ್ಲಿ ಇಬ್ಬಿಬ್ಬರನ್ನು ಇಟ್ಟು, ಅಲ್ಲಿ ರಕ್ತದ ಸಂಗ್ರಹ, ಮಕ್ಕಳ ಡಾಕ್ಟರ್, ಹೆರಿಗೆ ಡಾಕ್ಟರ್ ಎಲ್ಲ ಒಟ್ಟಿಗೆ ಕೂಡಿಸಿದರೆ, ಆ ಎರಡು ಕಡೆಯಾದರೂ ರಾತ್ರಿ ಎರಡಕ್ಕೆ ದೀಪ ಉರಿಯುತ್ತದೆ. ಉಳಿದೆರಡು ತಾಲೂಕಿನ ಶಾಸಕರಿಗೆ ಸಿಟ್ಟು ಬರುತ್ತದೆ ನಿಜ. ಆದರೆ ಅಲ್ಲಿನ ಬಸುರಿಗೆ ಜಿಲ್ಲಾ ಕೇಂದ್ರದವರೆಗೆ ಓಡುವುದು ತಪ್ಪುತ್ತದೆ, ಪಕ್ಕದ ತಾಲೂಕಿಗೆ ಹೋದರೆ ಸಾಕು. ಎಲ್ಲ ಕಡೆ ಅರ್ಧ ಇರುವುದಕ್ಕಿಂತ ಕೆಲವು ಕಡೆ ಪೂರ್ತಿ ಇರುವುದು ಮೇಲು ಅಂತ ನಾನು ಹೇಳುತ್ತೇನೆ. ಒಪ್ಪದವರು ಇರಬಹುದು.

ಅಣ್ಣನ ಮಗನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಹುಡುಗ ಹೇಗಿದ್ದಾನೆ ಅಂತ ನನಗೆ ಗೊತ್ತು. ತಾಸುಗಟ್ಟಲೆ ಒಂದು ಸ್ಕ್ರೀನ್ ನೋಡುತ್ತ ಕೂರಬಲ್ಲ. ಏನಾದರೂ ಎಡವಟ್ಟಾದರೆ ದನಿ ಏರಿಸುವುದಿಲ್ಲ, ಕೈ ಮಾತ್ರ ಚುರುಕಾಗುತ್ತದೆ. ಕ್ರಿಕೆಟ್‌ನಲ್ಲೂ ಅವನು ವಿಕೆಟ್ ಕೀಪರ್. ಹೊಗಳಿಕೆ ಇಲ್ಲದೆ ಬದುಕುವುದು ಅವನಿಗೆ ಹೊಸದಲ್ಲ. "ಮೂರನೇದ್ದನ್ನ ಮೊದಲನೇದು ಮಾಡಿದರೂ ನಡೀತೈತಿ" ಅಂದೆ.

ಆಮೇಲೆ ಒಂದು ಮಾತು ಸೇರಿಸಿದೆ. ಎಂಡಿ ಆದಮೇಲೆ ಯಾವ ಆಸ್ಪತ್ರೆ ಕರೆದರೂ, ಸಂಬಳ ಕೇಳುವ ಮುಂಚೆ ಮೂರು ವಿಷಯ ಕೇಳಿಕೋ. ಉಸಿರು ಅಳೆಯುವ ಕ್ಯಾಪ್ನೋಗ್ರಾಫ್ ಕೆಲಸ ಮಾಡುತ್ತದಾ? ರೋಗಿಯನ್ನು ಹಿಂದಿನ ದಿನವೇ ನೋಡಲು ಬಿಡುತ್ತಾರಾ? ನೀನು ಮಲಗಿದಾಗ ಫೋನ್ ಎತ್ತುವ ಎರಡನೇ ಅನಸ್ತೇಷಿಯಾ ಡಾಕ್ಟರ್ ಅಲ್ಲಿ ಇದ್ದಾರಾ?

"ಎರಡನೇಯವರು ಇಲ್ಲಂದ್ರ?" ಅಂದ.

"ಎಂದು ಬರ್ತಾರ ಅಂತ ಕೇಳು. ತಾರೀಕು ಬರೆಸಿಕೋ."